ಹೊಲಿಗೆ ಬಿಚ್ಚಿದ ಮೇಲಿನ ಐದು ವರ್ಷ

ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರಿಗೆ ಆಪರೇಷನ್ ಆಗಿ ಮನೆಗೆ ಹೊರಟವರ ಡಿಸ್ಚಾರ್ಜ್ ಸಮರಿಯ ಕೊನೆಯ ಸಾಲನ್ನು ಗಮನವಿಟ್ಟು ಓದುವವರು ಕಡಿಮೆ. 'ಮೂರು ತಿಂಗಳ ನಂತರ ರಿವ್ಯೂ' ಎಂದಷ್ಟೇ ಅಲ್ಲಿ ಬರೆದಿರುತ್ತದೆ. ಏಕೆ ಬರಬೇಕು, ಬಂದರೆ ಏನು ನೋಡುತ್ತಾರೆ, ಎಷ್ಟು ವರ್ಷ ಹೀಗೆ ಬರುತ್ತಿರಬೇಕು, ಬರದೆ ಇದ್ದರೆ ಏನಾದೀತು ಎಂಬುದು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಗಡ್ಡೆ ತೆಗೆದಾಯಿತು, ಹೊಲಿಗೆ ಬಿಚ್ಚಿದ್ದಾಯಿತು, ಕೀಮೋ ಕೂಡ ಮುಗಿಯಿತು, ಇನ್ನೇಕೆ ಆಸ್ಪತ್ರೆಯ ಅಲೆದಾಟ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಆದರೆ ಈ ರೋಗ ಮರುಕಳಿಸುವುದಾದರೆ ಅದಕ್ಕೊಂದು ಕಾಲಮಿತಿ ಇದೆ. ಮರುಕಳಿಸಿದ ಪ್ರಕರಣಗಳಲ್ಲಿ ಸುಮಾರು ಶೇ. 80ರಷ್ಟು ಮೊದಲ ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತವೆ. ಐದು ವರ್ಷ ದಾಟಿದ ಮೇಲೆ ಬರುವುದು ಅಪರೂಪ. ಆ ಐದು ವರ್ಷವನ್ನು ಹೇಗೆ ಕಳೆಯಬೇಕು ಎಂಬ ಪ್ರಶ್ನೆಗೆ ವೈದ್ಯಲೋಕ ಎಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಕರುಳಿನ ಕ್ಯಾನ್ಸರ್ ಬಂತು; ಸುಮಾರು 9 ಲಕ್ಷ ಜನ ಅದರಿಂದ ತೀರಿಕೊಂಡರು. ಜನಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಭಾರತದಲ್ಲಿ ಇದು ಪಶ್ಚಿಮದ ದೇಶಗಳಿಗಿಂತ ಕಡಿಮೆಯೇ. ಆದರೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 800 ರೋಗಿಗಳ ದಾಖಲೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ರೋಗಿಗಳ ಸರಾಸರಿ ವಯಸ್ಸು 47ರ ಆಸುಪಾಸಿನಲ್ಲಿತ್ತು. ಯುರೋಪು, ಅಮೆರಿಕಗಳಲ್ಲಿ ಬಹುಪಾಲು ಅರವತ್ತು ದಾಟಿದವರ ಕಾಯಿಲೆ ಇದು. ನಮ್ಮ ಜನಸಂಖ್ಯೆಯೇ ಚಿಕ್ಕ ವಯಸ್ಸಿನದು ಎಂಬುದು ಈ ವ್ಯತ್ಯಾಸಕ್ಕೆ ಒಂದು ಕಾರಣವಿರಬಹುದು. ಅದೇನೇ ಇದ್ದರೂ, ನಮ್ಮಲ್ಲಿ ಆಪರೇಷನ್ ಆಗಿ ಹೊರಬರುವವರಲ್ಲಿ ಅನೇಕರು ಇನ್ನೂ ಹೊಲ ಉಳಬೇಕಾದವರು, ಮಕ್ಕಳ ಫೀಸು ಕಟ್ಟಬೇಕಾದವರು. ಅವರ ಮುಂದೆ ಇಪ್ಪತ್ತು ಮೂವತ್ತು ವರ್ಷಗಳ ಬದುಕಿದೆ.

ಈ ಕ್ಯಾನ್ಸರಿನಲ್ಲಿ ನಂತರದ ತಪಾಸಣೆಗೆ ಇಷ್ಟು ಮಹತ್ವ ಬಂದದ್ದು ಯಕೃತ್ತಿನಿಂದಾಗಿ. ಕರುಳಿನಿಂದ ಹೊರಡುವ ರಕ್ತವೆಲ್ಲ ಮೊದಲು ಹೋಗಿ ಸೇರುವುದು ಯಕೃತ್ತಿಗೆ. ತಪ್ಪಿಸಿಕೊಂಡ ಕ್ಯಾನ್ಸರ್ ಕಣಗಳು ಅಲ್ಲೇ ತಂಗುತ್ತವೆ. ನಂತರದ ಸರದಿ ಶ್ವಾಸಕೋಶದ್ದು. ಬೇರೆ ಹಲವು ಕ್ಯಾನ್ಸರುಗಳು ಹೀಗೆ ಹರಡಿದರೆ ಗುಣಪಡಿಸುವ ಮಾತು ಅಲ್ಲಿಗೆ ಮುಗಿಯುತ್ತದೆ. ಕರುಳಿನ ಕ್ಯಾನ್ಸರಿನಲ್ಲಿ ಮಾತ್ರ ಯಕೃತ್ತಿನಲ್ಲಿ ಒಂದೆರಡು ಗಂಟುಗಳಿದ್ದಾಗಲೇ ಕಂಡುಹಿಡಿದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದು. ಹಾಗೆ ತೆಗೆಸಿಕೊಳ್ಳಲು ಯೋಗ್ಯರೆಂದು ಆಯ್ಕೆಯಾದ ರೋಗಿಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ಹೀಗೆ ಎರಡನೆಯ ಅವಕಾಶ ಕೊಡುವ ಕ್ಯಾನ್ಸರುಗಳು ಹೆಚ್ಚಿಲ್ಲ. ಆ ಅವಕಾಶ ಕೈತಪ್ಪದಿರಲಿ ಎಂಬುದೇ ಇಡೀ ತಪಾಸಣಾ ವ್ಯವಸ್ಥೆಯ ಮೂಲ ಉದ್ದೇಶ.

ಉದ್ದೇಶ ಒಳ್ಳೆಯದೇ. ಅದನ್ನು ಸಾಧಿಸುವ ದಾರಿ ಮಾತ್ರ ಸುಲಭದ್ದಾಗಿರಲಿಲ್ಲ. 1940ರ ದಶಕದ ಕೊನೆಗೆ ಅಮೆರಿಕದ ಮಿನ್ನೆಸೋಟದಲ್ಲಿ ಓವೆನ್ ವಾಂಗನ್‌ಸ್ಟೀನ್ ಎಂಬ ಹೆಸರಾಂತ ಶಸ್ತ್ರವೈದ್ಯರು ಯಾವ ತೊಂದರೆಯೂ ಇಲ್ಲದ ರೋಗಿಗಳ ಹೊಟ್ಟೆಯನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ತೆರೆದು, ರೋಗ ಉಳಿದಿದೆಯೇ ಎಂದು ಕಣ್ಣಾರೆ ನೋಡುವ ಪದ್ಧತಿ ಆರಂಭಿಸಿದರು. ಸ್ಕ್ಯಾನಿಂಗ್ ಇಲ್ಲದ ಕಾಲ, ಬೇರೆ ಉಪಾಯವಿರಲಿಲ್ಲ. ಆದರೆ ಆಪರೇಷನ್ನಿನಿಂದಲೇ ಜೀವ ಹೋಗುವ ಅಪಾಯವಿದ್ದುದರಿಂದ ಆ ಪದ್ಧತಿ ಹೆಚ್ಚು ಕಾಲ ಉಳಿಯಲಿಲ್ಲ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಸಿಇಎ ಎಂಬ ಪ್ರೊಟೀನನ್ನು ಗುರುತಿಸಿದರು. ಬೆಳೆಯುತ್ತಿರುವ ಭ್ರೂಣದ ಕರುಳಿನಲ್ಲಿ ಇದ್ದು, ಹುಟ್ಟಿದ ಮೇಲೆ ಬಹುತೇಕ ಮರೆಯಾಗುವ ಈ ಪ್ರೊಟೀನು ಕ್ಯಾನ್ಸರ್ ಬಂದಾಗ ರಕ್ತದಲ್ಲಿ ಮತ್ತೆ ಏರುತ್ತದೆ. ಹೊಟ್ಟೆ ತೆರೆಯುವುದರ ಬದಲು ಒಂದು ಸಿರಿಂಜ್ ರಕ್ತ ಸಾಕು ಎಂಬ ಭರವಸೆ ಹುಟ್ಟಿತು.

ಆ ಭರವಸೆಯನ್ನು ಪರೀಕ್ಷೆಗೆ ಒಡ್ಡಿದ ಕಥೆ ವೈದ್ಯ ಸಂಶೋಧನೆಯ ವಿಷಾದದ ಅಧ್ಯಾಯಗಳಲ್ಲಿ ಒಂದು. 1982ರಿಂದ 1993ರವರೆಗೆ ಬ್ರಿಟನ್ನಿನಲ್ಲಿ 1,400ಕ್ಕೂ ಹೆಚ್ಚು ರೋಗಿಗಳ ಸಿಇಎ ಮಟ್ಟವನ್ನು ಅಳೆಯುತ್ತ ಹೋದರು. ಮಟ್ಟ ಏರಿದ 216 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ವೈದ್ಯರಿಗೆ ವಿಷಯ ತಿಳಿಸಿ ಮರು ಆಪರೇಷನ್ನಿಗೆ ಹಾದಿ ಮಾಡಿಕೊಟ್ಟರು. ಇನ್ನೊಂದು ಗುಂಪಿನವರ ವೈದ್ಯರಿಗೆ ಏರಿಕೆಯ ಸುದ್ದಿ ಕೊಡಲಿಲ್ಲ. ಕೊನೆಗೆ ಎರಡೂ ಕಡೆ ಸತ್ತವರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಪ್ರಯೋಗ ನಿಂತಿತು, ಫಲಿತಾಂಶ ಪೂರ್ಣವಾಗಿ ಪ್ರಕಟವಾಗಲಿಲ್ಲ. ಹಳೆಯ ಕಡತಗಳನ್ನು ಹುಡುಕಿ ತೆಗೆದು 2014ರಲ್ಲಿ ಅದು ಅಚ್ಚಾಗುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ಅಷ್ಟೂ ವರ್ಷ ಜಗತ್ತಿನ ಆಸ್ಪತ್ರೆಗಳು ಸಿಇಎ ನೋಡುತ್ತಲೇ ಇದ್ದವು. ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಪ್ಪಿಸಿದ ಜನರಿಂದ ಬಂದ ತಿಳಿವಳಿಕೆಯನ್ನು ಹೀಗೆ ಬೀರುವಿನಲ್ಲಿಟ್ಟದ್ದು ದೊಡ್ಡ ಅನ್ಯಾಯ.

ಅದೇ 2014ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಜಾನ್ ಪ್ರಿಮ್‌ರೋಸ್ ಮತ್ತು ಸಂಗಡಿಗರು 39 ಆಸ್ಪತ್ರೆಗಳ 1,202 ರೋಗಿಗಳ ಅಧ್ಯಯನವನ್ನು ಹೊರತಂದರು. ಕೆಲವರಿಗೆ ಪದೇ ಪದೇ ಸಿಇಎ, ಕೆಲವರಿಗೆ ಸಿಟಿ ಸ್ಕ್ಯಾನ್, ಕೆಲವರಿಗೆ ಎರಡೂ, ಉಳಿದವರಿಗೆ ತೊಂದರೆ ಕಂಡಾಗ ಮಾತ್ರ ಪರೀಕ್ಷೆ. ತೊಂದರೆ ಕಂಡಾಗಷ್ಟೇ ನೋಡಿದ ಗುಂಪಿನಲ್ಲಿ ಗುಣವಾಗುವ ನಿರೀಕ್ಷೆಯಿಂದ ಎರಡನೆಯ ಆಪರೇಷನ್ ಮಾಡಲು ಸಾಧ್ಯವಾದದ್ದು ಶೇ. 2.3 ಮಂದಿಗೆ. ಸಿಇಎ ಗುಂಪಿನಲ್ಲಿ ಅದು 6.7, ಸಿಟಿ ಗುಂಪಿನಲ್ಲಿ 8, ಎರಡನ್ನೂ ಮಾಡಿದಾಗ 6.6. ಎಂದರೆ ನೋಡುತ್ತಿದ್ದರೆ ಸಿಗುತ್ತದೆ. ಆದರೆ ಎರಡೆರಡು ಬಗೆಯಲ್ಲಿ ನೋಡಿದರೆ ದುಪ್ಪಟ್ಟು ಸಿಗುವುದಿಲ್ಲ. ಒಟ್ಟು ಸಾವಿನ ಪ್ರಮಾಣದಲ್ಲಿ ಗುಂಪು ಗುಂಪುಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಸ್ವೀಡನ್, ಡೆನ್ಮಾರ್ಕ್ ಮತ್ತು ಉರುಗ್ವೆಯ 2,509 ರೋಗಿಗಳ ಅಧ್ಯಯನವೂ ಇದನ್ನೇ ಹೇಳಿತು. ಮೂರು ವರ್ಷದಲ್ಲಿ ಐದು ಬಾರಿ ಸಿಟಿ ಮತ್ತು ಸಿಇಎ ಮಾಡಿಸಿಕೊಂಡವರಲ್ಲಿ ಐದು ವರ್ಷದೊಳಗೆ ತೀರಿಕೊಂಡವರು ಶೇ. 13, ಎರಡೇ ಬಾರಿ ಮಾಡಿಸಿಕೊಂಡವರಲ್ಲಿ ಶೇ. 14.1. ಆ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಇಂಥ 19 ಅಧ್ಯಯನಗಳ 13 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟಿಗೆ ಲೆಕ್ಕಹಾಕಿದ 2019ರ ಕೊಕ್ರೇನ್ ಸಮೀಕ್ಷೆಯ ತೀರ್ಮಾನವೂ ಹೀಗೇ ಇತ್ತು.

ಇದನ್ನು ಓದಿ ತಪಾಸಣೆಯೇ ಬೇಡ ಎಂದು ತೀರ್ಮಾನಿಸಿದರೆ ಅದು ಅಪಾಯಕಾರಿ. ಆ ಅಧ್ಯಯನಗಳಲ್ಲಿ 'ಕಡಿಮೆ ತಪಾಸಣೆ' ಎನ್ನಿಸಿಕೊಂಡದ್ದು ಕೂಡ ನಮ್ಮ ಬಹುಪಾಲು ರೋಗಿಗಳಿಗೆ ಸಿಗುತ್ತಿರುವುದಕ್ಕಿಂತ ಹೆಚ್ಚು. ಅಲ್ಲಿನ ರೋಗಿಗೆ ಕರೆದರೆ ಸಿಗುವ ಕುಟುಂಬ ವೈದ್ಯರಿದ್ದರು, ತಾರೀಖು ನೆನಪಿಸುವ ವ್ಯವಸ್ಥೆ ಇತ್ತು. ಆಪರೇಷನ್ನಿಗೆ ಮೊದಲೇ ರೋಗ ಎಷ್ಟು ಹರಡಿದೆ ಎಂದು ಚೆನ್ನಾಗಿ ಅಳೆದಿದ್ದರು. ನಾನು ಈ ಅಂಕಿಅಂಶಗಳಿಂದ ತೆಗೆದುಕೊಳ್ಳುವ ಪಾಠ ಬೇರೆ. ತಿಂಗಳಿಗೊಂದು ಸ್ಕ್ಯಾನ್, ಪ್ರತಿ ಭೇಟಿಗೂ ಪೆಟ್ ಸ್ಕ್ಯಾನ್ ಎಂದು ಹಣವಂತರನ್ನು ಅಲೆಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲ. ಗೊತ್ತುಮಾಡಿದ ಕೆಲವೇ ಪರೀಕ್ಷೆಗಳು ಬಡವರಿಗೂ ತಪ್ಪದೆ ಆಗುವಂತೆ ನೋಡಿಕೊಂಡರೆ ಹೆಚ್ಚಬಹುದು.

ಆ ಕೆಲವೇ ಪರೀಕ್ಷೆಗಳು ಯಾವುವು ಎಂಬುದರಲ್ಲಿ ದೊಡ್ಡ ಗೊಂದಲವಿಲ್ಲ. ಎರಡನೆಯ ಮತ್ತು ಮೂರನೆಯ ಹಂತದ ರೋಗವಿದ್ದವರಿಗೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವೈದ್ಯರ ಭೇಟಿ ಮತ್ತು ಸಿಇಎ. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್ ವರ್ಷಕ್ಕೊಮ್ಮೆ; ಅಪಾಯ ಹೆಚ್ಚಿದ್ದರೆ ಆರು ತಿಂಗಳಿಗೊಮ್ಮೆ. ಆಪರೇಷನ್ ಆಗಿ ಒಂದು ವರ್ಷಕ್ಕೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ), ಅದು ಚೆನ್ನಾಗಿದ್ದರೆ ಮೂರು ವರ್ಷ ಬಿಟ್ಟು, ಆಮೇಲೆ ಐದು ವರ್ಷ ಬಿಟ್ಟು. ಗಡ್ಡೆಯಿಂದ ಕರುಳು ಕಟ್ಟಿಕೊಂಡು ತುರ್ತಾಗಿ ಆಪರೇಷನ್ ಆದವರ ವಿಷಯ ಮಾತ್ರ ಬೇರೆ. ಅಂಥವರ ಪೂರ್ತಿ ಕರುಳನ್ನು ಮೊದಲು ಯಾರೂ ನೋಡಿರುವುದಿಲ್ಲ. ಮೇಲ್ಭಾಗದಲ್ಲಿ ಇನ್ನೊಂದು ಗಡ್ಡೆ ಅಡಗಿರಬಹುದು. ಅವರಿಗೆ ಮೂರರಿಂದ ಆರು ತಿಂಗಳೊಳಗೇ ಕೊಲೊನೋಸ್ಕೋಪಿ ಆಗಬೇಕು. ನಮ್ಮಲ್ಲಿ ಹೀಗೆ ತುರ್ತಿನಲ್ಲಿ ಬಂದು ಸೇರುವವರು ಕಡಿಮೆಯಿಲ್ಲ. ಈ ಒಂದು ಸೂಚನೆ ಅವರ ಕಿವಿಗೆ ಬೀಳಲೇಬೇಕು.

ಸಿಇಎ ರಿಪೋರ್ಟು ಕೈಗೆ ಬಂದ ರಾತ್ರಿ ನಿದ್ದೆಗೆಡುವವರು ಬಹಳ. ಅವರಿಗಾಗಿ ಒಂದೆರಡು ಮಾತು. ಬೀಡಿ, ಸಿಗರೇಟು ಸೇದುವವರಲ್ಲಿ, ಯಕೃತ್ತಿನ ಬೇರೆ ಕಾಯಿಲೆ ಇರುವವರಲ್ಲಿ ಸಿಇಎ ಸ್ವಲ್ಪ ಹೆಚ್ಚೇ ಇರುತ್ತದೆ. ಕ್ಯಾನ್ಸರ್ ಮರುಕಳಿಸಿದರೂ ಏರದೆ ಇರುವವರೂ ಇದ್ದಾರೆ. ಮಿತಿಯನ್ನು 5 ಎಂದಿಟ್ಟುಕೊಂಡರೆ ಮರುಕಳಿಸಿದ ಹತ್ತು ಜನರಲ್ಲಿ ಸುಮಾರು ಏಳು ಜನರನ್ನಷ್ಟೇ ಅದು ಹಿಡಿಯುತ್ತದೆ. ಹಾಗಾಗಿ ಒಂದು ಸಲದ ಸಂಖ್ಯೆಗಿಂತ ಸಾಲಾಗಿ ಬಂದ ಸಂಖ್ಯೆಗಳು ಎತ್ತ ಸಾಗುತ್ತಿವೆ ಎಂಬುದು ಮುಖ್ಯ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ರಿಪೋರ್ಟುಗಳನ್ನೆಲ್ಲ ಜೊತೆಗಿಟ್ಟುಕೊಂಡು ಹೋಗಬೇಕು ಎನ್ನುವುದು ಇದಕ್ಕೇ.

ಈ ತಪಾಸಣೆಯನ್ನು ದೊಡ್ಡಾಸ್ಪತ್ರೆಯ ತಜ್ಞರೇ ಮಾಡಬೇಕೆ? ಆಸ್ಟ್ರೇಲಿಯಾದಲ್ಲಿ 203 ರೋಗಿಗಳನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ಶಸ್ತ್ರವೈದ್ಯರಿಗೂ ಇನ್ನೊಂದನ್ನು ಊರಿನ ಕುಟುಂಬ ವೈದ್ಯರಿಗೂ ಒಪ್ಪಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರೋಗ ಮರುಕಳಿಸಿದ್ದನ್ನು ಗುರುತಿಸುವುದರಲ್ಲಾಗಲಿ, ಸಾವಿನ ಪ್ರಮಾಣದಲ್ಲಾಗಲಿ, ರೋಗಿಯ ನೆಮ್ಮದಿಯಲ್ಲಾಗಲಿ ವ್ಯತ್ಯಾಸ ಇರಲಿಲ್ಲ. ಕರ್ನಾಟಕದ ಮಟ್ಟಿಗೆ ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಚಿಕ್ಕ ಅಧ್ಯಯನ.

ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. 1973ರಲ್ಲಿ ಆರಂಭವಾದ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಅಂಗಳದಲ್ಲಿ ಬೆಳಿಗ್ಗೆ ನಿಂತರೆ ಉತ್ತರ ಕರ್ನಾಟಕದ, ಆಂಧ್ರದ ಗಡಿ ಊರುಗಳ ಮಾತೇ ಕಿವಿಗೆ ಬೀಳುತ್ತದೆ. ಒಂದು ರಕ್ತ ಪರೀಕ್ಷೆಗೆ ಎರಡು ರಾತ್ರಿಯ ಪ್ರಯಾಣ, ಜೊತೆಗೆ ಬರುವವರ ಕೂಲಿ ನಷ್ಟ, ಹೊರಗಿನ ಊಟ. ಮೊದಲ ಸಲ ಬರುತ್ತಾರೆ, ಎರಡನೆಯ ಸಲ ಸಾಲ ಮಾಡಿ ಬರುತ್ತಾರೆ, ಮೂರನೆಯ ಸಲ 'ಚೆನ್ನಾಗೇ ಇದ್ದೀನಲ್ಲ' ಎಂದು ಬಿಟ್ಟುಬಿಡುತ್ತಾರೆ. ಆಯುಷ್ಮಾನ್ ಭಾರತ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡುತ್ತದೆ. ಲಕ್ಷಾಂತರ ಜನರಿಗೆ ಅದರಿಂದ ಉಪಕಾರವಾಗಿದೆ. ಆದರೆ ಅದರ ಮೂಲ ನಿಯಮದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ಖರ್ಚಿಗೆ ಇರುವ ಅವಧಿ 15 ದಿನ. ರೋಗ ಮರುಕಳಿಸುವ ಅವಧಿ ಐದು ವರ್ಷ. ಈ ಎರಡರ ನಡುವಿನ ಕಂದಕದಲ್ಲಿ ಎಷ್ಟು ಜನ ಬೀಳುತ್ತಿದ್ದಾರೆಂದು ಲೆಕ್ಕ ಇಡುವವರಿಲ್ಲ. ಲಕ್ಷಗಟ್ಟಲೆ ಖರ್ಚುಮಾಡಿ ಆಪರೇಷನ್ ಮಾಡಿಸಿದ ಸರ್ಕಾರ ಕೆಲವು ನೂರು ರೂಪಾಯಿಗಳ ರಕ್ತ ಪರೀಕ್ಷೆಯನ್ನು ರೋಗಿಯ ಜೇಬಿಗೆ ಬಿಡುವುದು ಯಾವ ಲೆಕ್ಕಕ್ಕೂ ಸರಿಹೊಂದುವುದಿಲ್ಲ.

ದಾರಿ ಇಲ್ಲದಿಲ್ಲ. ಕಿದ್ವಾಯಿಯ ಶಾಖೆ ಕಲಬುರಗಿಯಲ್ಲಿದೆ. ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಅದೇ ವರ್ಷ ರಾಜ್ಯ ಸರ್ಕಾರವೂ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಕೀಮೋ ಕೊಡುವ ಕೇಂದ್ರಗಳನ್ನು ಆರಂಭಿಸಿತು. ಅಲ್ಲಿ ಕೀಮೋ ಕೊಡಬಹುದಾದರೆ ಸಿಇಎಗೆ ರಕ್ತ ತೆಗೆಯಲು, ಸಿಟಿ ಮಾಡಿಸಲು ಯಾವ ಅಡ್ಡಿ? ರಿಪೋರ್ಟನ್ನು ಬೆಂಗಳೂರಿನ ತಜ್ಞರಿಗೆ ಕಳಿಸಿ, ಸಂಶಯ ಬಂದವರನ್ನು ಮಾತ್ರ ಕರೆಸಿಕೊಂಡರೆ ಸಾಕು. ಅಲ್ಲಿಯವರೆಗೆ ಇರುವ ಅನುಕೂಲಗಳನ್ನಾದರೂ ಬಳಸಿಕೊಳ್ಳಬೇಕು. ಕ್ಯಾನ್ಸರ್ ರೋಗಿಗಳಿಗೆ ರೈಲ್ವೆಯವರು ಕೊಡುವ ರಿಯಾಯಿತಿ ಚಿಕಿತ್ಸೆಗೆ ಹೋಗುವಾಗ ಮಾತ್ರವಲ್ಲದೆ ನಂತರದ ತಪಾಸಣೆಗೆ ಹೋಗುವಾಗಲೂ ಸಿಗುತ್ತದೆ. ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗಾರರಿಗೆ ಮುಕ್ಕಾಲು ಭಾಗ ವಿನಾಯಿತಿ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಸರ್ಟಿಫಿಕೇಟ್ ಪಡೆಯಬೇಕು ಅಷ್ಟೆ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾಗಿದೆ. ತಪಾಸಣೆ ತಪ್ಪಿಸುವುದಕ್ಕೆ ಅವರಿಗಿದ್ದ ಒಂದು ಕಾರಣವಾದರೂ ಕಡಿಮೆಯಾಯಿತು.

ಇಷ್ಟು ಹೊತ್ತು ರೋಗ ಮರಳುತ್ತದೆಯೇ ಎಂಬುದನ್ನೇ ಮಾತಾಡಿದೆವು. ಗುಣವಾದವರ ದಿನನಿತ್ಯದ ಪಾಡು ಬೇರೆಯೇ ಇದೆ, ಅದನ್ನು ಕೇಳುವವರು ಇನ್ನೂ ಕಡಿಮೆ. ಗುದನಾಳದ ಕೆಳಭಾಗ ತೆಗೆದು ಕರುಳನ್ನು ಮತ್ತೆ ಜೋಡಿಸಿಕೊಂಡವರಲ್ಲಿ ಅನೇಕರಿಗೆ ಮಲ ತಡೆಯುವ ಶಕ್ತಿ ಮೊದಲಿನಂತೆ ಇರುವುದಿಲ್ಲ. ಗಂಟೆಯೊಳಗೆ ನಾಲ್ಕೈದು ಸಲ ಹೋಗಬೇಕಾಗುತ್ತದೆ, ಆಮೇಲೆ ಎರಡು ದಿನ ಏನೂ ಇಲ್ಲ. ಅವಸರ ಬಂದರೆ ನಿಲ್ಲಲು ಆಗದು. ಬಸ್ಸು ಹತ್ತಲು ಹೆದರುತ್ತಾರೆ, ಮದುವೆ ಮನೆಗೆ ಹೋಗುವುದನ್ನೇ ಬಿಡುತ್ತಾರೆ. ಇದನ್ನು ಅಳೆಯಲು ಡೆನ್ಮಾರ್ಕಿನ ವೈದ್ಯರು 2012ರಲ್ಲಿ ಐದೇ ಪ್ರಶ್ನೆಗಳ ಒಂದು ಪಟ್ಟಿ ಮಾಡಿಕೊಟ್ಟರು. ಐದು ಪ್ರಶ್ನೆ ಕೇಳಲು ಐದು ನಿಮಿಷ ಬೇಡ. ಕೇಳಿದರೆ ಔಷಧಿ, ಆಹಾರದ ಹೊಂದಾಣಿಕೆ, ಗುದದ ಸ್ನಾಯುಗಳ ವ್ಯಾಯಾಮ, ಕರುಳನ್ನು ನೀರಿನಿಂದ ತೊಳೆಯುವ ಕ್ರಮ ಹೀಗೆ ಪರಿಹಾರಗಳಿವೆ. ಕೇಳದಿದ್ದರೆ ರೋಗಿ ತಾನಾಗಿ ಹೇಳುವುದಿಲ್ಲ, ಜೀವ ಉಳಿದದ್ದೇ ದೊಡ್ಡದು ಎಂದು ಸುಮ್ಮನಾಗುತ್ತಾನೆ. ಸೊಂಟದೊಳಗಿನ ನರಗಳಿಗೆ ಪೆಟ್ಟಾಗಿ ದಾಂಪತ್ಯ ಸುಖಕ್ಕೆ, ಮೂತ್ರ ವಿಸರ್ಜನೆಗೆ ತೊಂದರೆಯಾಗುವುದೂ ಉಂಟು. ನಲವತ್ತರ ಹರೆಯದ ಗಂಡಹೆಂಡಿರಿಗೆ ಇದು ಸಣ್ಣ ವಿಷಯವಲ್ಲ. ವೈದ್ಯರೇ ಮೊದಲು ಮಾತು ತೆಗೆಯಬೇಕು.

ಹೊಟ್ಟೆಯ ಮೇಲೆ ಸ್ಟೋಮಾ, ಎಂದರೆ ಮಲ ಹೊರಬರುವ ದಾರಿ, ಮಾಡಿ ಚೀಲ ಹಾಕಿಸಿಕೊಂಡವರಿಗೆ ಮೊದಲ ಕೆಲವು ವಾರ ಅತ್ಯಂತ ಕಷ್ಟದವು. ಸಣ್ಣ ಕರುಳಿನಿಂದ ತೆಗೆದ ಸ್ಟೋಮಾದಲ್ಲಿ ನೀರು, ಉಪ್ಪು ಸೋರಿಹೋಗುತ್ತಲೇ ಇರುತ್ತವೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋಗತೊಡಗಿದರೆ ಮೂತ್ರಪಿಂಡ ಸೋಲುವ ಅಪಾಯವಿದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅದು ಇನ್ನೂ ಬೇಗ. ಆಪರೇಷನ್ ಆದವರಿಗೆ ಹೆಚ್ಚು ನೀರು ಕೊಡಬಾರದು ಎಂಬ ಹಳೆಯ ಪಥ್ಯ ಇಂಥವರಿಗೆ ಪ್ರಾಣಕ್ಕೇ ಎರವಾದೀತು. ಬರೀ ನೀರು ಕುಡಿದರೂ ಸಾಲದು; ಓಆರ್‌ಎಸ್ ಬೇಕು, ಉಪ್ಪು ಹಾಕಿದ ಗಂಜಿ ಒಳ್ಳೆಯದು. ಅನ್ನ, ಬಾಳೆಹಣ್ಣು, ಸಬ್ಬಕ್ಕಿ ಮಲವನ್ನು ಗಟ್ಟಿ ಮಾಡುತ್ತವೆ. ಸ್ಟೋಮಾ ನೋಡಿಕೊಳ್ಳುವ ಪ್ರತ್ಯೇಕ ವೃತ್ತಿ ಹುಟ್ಟಿದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ. ಅಲ್ಲಿನ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ತಮ್ಮ ರೋಗಿಯೇ ಆಗಿದ್ದ, ಸ್ವತಃ ಸ್ಟೋಮಾ ಹೊತ್ತ ನಾರ್ಮಾ ಗಿಲ್ ಎಂಬ ಮಹಿಳೆಯನ್ನು 1958ರಲ್ಲಿ ಆ ಕೆಲಸಕ್ಕೆ ನೇಮಿಸಿಕೊಂಡರು. ಅನುಭವಿಸಿದವರಿಗಿಂತ ಚೆನ್ನಾಗಿ ಯಾರು ಕಲಿಸಬಲ್ಲರು? ನಮ್ಮ ದೇಶದಲ್ಲೂ ಮುಂಬಯಿಯ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇಂಥ ರೋಗಿಗಳದೇ ಸಂಘ. ಕರ್ನಾಟಕದ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಚೀಲ ಬದಲಿಸುವುದನ್ನು, ಸುತ್ತಲ ಚರ್ಮ ಕಾಪಾಡುವುದನ್ನು ಕನ್ನಡದಲ್ಲಿ ಹೇಳಿಕೊಡುವ ಒಬ್ಬ ನರ್ಸ್ ಇದ್ದರೆ ಎಷ್ಟೋ ಮನೆಗಳ ಕಣ್ಣೀರು ನಿಲ್ಲುತ್ತದೆ.

ಕೀಮೋದಲ್ಲಿ ಆಕ್ಸಾಲಿಪ್ಲಾಟಿನ್ ಪಡೆದವರ ಕೈಕಾಲು ಜುಮುಗುಡುವುದು, ಪಾದ ಮರಗಟ್ಟುವುದು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬರಿಗಾಲಲ್ಲಿ ಗದ್ದೆಗಿಳಿಯುವವರು, ಒಲೆಯ ಮುಂದೆ ಕೆಲಸ ಮಾಡುವವರು ಗಾಯವಾದದ್ದೇ ತಿಳಿಯದೆ ಹೋಗುವ ಅಪಾಯವಿದೆ. ಚಪ್ಪಲಿ ಬಿಡಬಾರದು, ಪಾದವನ್ನು ದಿನಾ ನೋಡಿಕೊಳ್ಳಬೇಕು.

ಈಚಿನ ವರ್ಷಗಳಲ್ಲಿ ಬಂದ ಅತ್ಯಂತ ಸಂತೋಷದ ಸುದ್ದಿ ನಡಿಗೆಯದು. ಮುಖ್ಯವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ಆಪರೇಷನ್ ಮತ್ತು ಕೀಮೋ ಮುಗಿಸಿದ 889 ರೋಗಿಗಳಲ್ಲಿ ಅರ್ಧ ಜನರಿಗೆ ಮೂರು ವರ್ಷ ತರಬೇತುದಾರರ ಬೆಂಬಲದೊಂದಿಗೆ ವ್ಯಾಯಾಮ ಮಾಡಿಸಿದರು. ಉಳಿದವರಿಗೆ ಆರೋಗ್ಯ ಸಲಹೆಯ ಪುಸ್ತಿಕೆ ಕೊಟ್ಟರು. 2025ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎಂಟು ವರ್ಷದ ನಂತರ ವ್ಯಾಯಾಮದ ಗುಂಪಿನಲ್ಲಿ ಬದುಕಿದ್ದವರು ಶೇ. 90, ಇನ್ನೊಂದರಲ್ಲಿ 83. ಐದೈದು ಬಾರಿ ಸ್ಕ್ಯಾನ್ ಮಾಡಿದ ಅಧ್ಯಯನಗಳು ತೋರಿಸಲಾಗದ ಲಾಭವನ್ನು ನಡಿಗೆ ತೋರಿಸಿತು. ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವುದು ಹೆಚ್ಚುಕಡಿಮೆ ಅದರ ಅಳತೆ. ನಮ್ಮ ಮನೆಗಳಲ್ಲಿ ಆಪರೇಷನ್ ಆದವರನ್ನು ಮಂಚದಿಂದ ಇಳಿಯಗೊಡದೆ ಸಾಕುವುದೇ ಪ್ರೀತಿ ಎಂದು ತಿಳಿದಿದ್ದೇವೆ. ಗಾಯ ಮಾಗಿ ವೈದ್ಯರು ಒಪ್ಪಿದ ಮೇಲೆ ಅವರ ಜೊತೆಗೆ ಹೆಜ್ಜೆ ಹಾಕುವುದು ಇನ್ನೂ ದೊಡ್ಡ ಪ್ರೀತಿ.

ಅದೇ ವರ್ಷ ಸ್ವೀಡನ್ ಮತ್ತು ನೆರೆಯ ದೇಶಗಳ ಅಧ್ಯಯನವೊಂದು, ಗಡ್ಡೆಯಲ್ಲಿ ನಿರ್ದಿಷ್ಟ ಜೀನ್ ಬದಲಾವಣೆ ಇರುವವರು ಮೂರು ವರ್ಷ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡರೆ ಮರುಕಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಆಸ್ಪಿರಿನ್ನಿನಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು; ಮೆಡಿಕಲ್ ಶಾಪಿನಿಂದ ತಾವಾಗಿ ತಂದು ನುಂಗಬಾರದು. ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳುವುದು ಸರಿಯಾದ ಕ್ರಮ. ರಕ್ತದಲ್ಲಿ ತೇಲುವ ಕ್ಯಾನ್ಸರಿನ ಡಿಎನ್‌ಎ ತುಣುಕುಗಳನ್ನು ಹುಡುಕುವ ಪರೀಕ್ಷೆಯೂ ಬಂದಿದೆ. ಎರಡನೆಯ ಹಂತದ 455 ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನದಲ್ಲಿ ಇದರ ನೆರವಿನಿಂದ ಕೀಮೋ ಪಡೆಯಬೇಕಾದವರ ಪ್ರಮಾಣ ಶೇ. 28ರಿಂದ 15ಕ್ಕೆ ಇಳಿಯಿತು, ರೋಗ ಮರುಕಳಿಸುವುದು ಹೆಚ್ಚಲಿಲ್ಲ. ಬಹಳ ದುಬಾರಿಯಾದ ಈ ಪರೀಕ್ಷೆ ನಮ್ಮ ಸಾಮಾನ್ಯ ರೋಗಿಗೆ ಎಟುಕಲು ಇನ್ನೂ ಸಮಯ ಬೇಕು.

ಒಂದು ವಿಷಯ ಉಳಿದಿದೆ. ನಮ್ಮಲ್ಲಿ ಎಷ್ಟೋ ರೋಗಿಗಳಿಗೆ ತಮಗೆ ಕ್ಯಾನ್ಸರ್ ಆಗಿತ್ತೆಂದೇ ಗೊತ್ತಿರುವುದಿಲ್ಲ. 'ಹೊಟ್ಟೆಯಲ್ಲಿ ಗಡ್ಡೆ ಇತ್ತು, ತೆಗೆಸಿದ್ದೇವೆ' ಎಂದು ಮಕ್ಕಳು ಹೇಳಿರುತ್ತಾರೆ. ಕರುಣೆಯಿಂದಲೇ ಹಾಗೆ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ಕಾರಣ ತಿಳಿಯದ ತಾಯಿ ತಪಾಸಣೆಗೆ ಏಕೆ ಹೊರಟಾಳು? ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಮೂಲವ್ಯಾಧಿ ಇರಬೇಕೆಂದು ನಾಟಿ ಔಷಧಿ ಹಚ್ಚಿ ಸುಮ್ಮನಾಗುತ್ತಾಳೆ. ಮುಚ್ಚಿಟ್ಟ ರೋಗ ಮುಂದಿನ ತಲೆಮಾರಿಗೂ ಮುಚ್ಚಿಹೋಗುತ್ತದೆ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವಿರುವ ಕುಟುಂಬಗಳಲ್ಲಿ ಕರುಳಿನ ಕ್ಯಾನ್ಸರ್ ಚಿಕ್ಕ ವಯಸ್ಸಿಗೇ ಬರುತ್ತದೆ. ಅದು ಗೊತ್ತಿದ್ದರೆ ಮಕ್ಕಳು, ಒಡಹುಟ್ಟಿದವರು ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿ ರೋಗವನ್ನು ಮೊದಲೇ ತಡೆಯಬಹುದು. ಆ ದೋಷ ಇಲ್ಲದ ಕುಟುಂಬಗಳಲ್ಲೂ, ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು ನಲವತ್ತನೆಯ ವಯಸ್ಸಿಗೆ ಅಥವಾ ರೋಗಿಗೆ ಕ್ಯಾನ್ಸರ್ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ, ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ನಿಮ್ಮ ಮನೆಯಲ್ಲಿ ಈ ಆಪರೇಷನ್ ಆದವರಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರ ಹತ್ತಿರ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ: ರೋಗ ಯಾವ ಹಂತದ್ದು, ಸಿಇಎ ಮತ್ತು ಸಿಟಿ ಯಾವ ಯಾವ ತಿಂಗಳು, ಕೊಲೊನೋಸ್ಕೋಪಿ ಯಾವಾಗ, ಈ ಪೈಕಿ ನಿಮ್ಮ ಜಿಲ್ಲಾಸ್ಪತ್ರೆಯಲ್ಲೇ ಆಗುವಂಥವು ಯಾವುವು, ತೊಂದರೆ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಬಯಾಪ್ಸಿ ರಿಪೋರ್ಟಿನ ಜೊತೆಗೆ ಆ ಹಾಳೆಯನ್ನು ಫೈಲಿನ ಮೊದಲ ಪುಟವಾಗಿ ಇಡಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಮತ್ತು ರೋಗಿಗೇ ಅದನ್ನು ಓದಿ ಹೇಳಿ.